ಗುಪ್ತಪದಗಳ ಪ್ರತಿಗಳೂ ಅವುಗಳ ಸಮನ್ವಯವೂ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ನಿದರ್ಶನದೊಡನೆ ಒಂದು ಚಾರಿತ್ರಿಕ ವಿವೇಚನೆ

೧

ಗುಟ್ಟು ಒಂದೇ ಎಡೆಯಲ್ಲಿದ್ದರೆ ಕಳೆದುಹೋಗುವ ಭಯ. ಎರಡು ಎಡೆಗಳಲ್ಲಿದ್ದರೆ ಹೊರಬೀಳುವ ಭಯ. ಇವೆರಡರ ಜೊತೆಗೆ ಮೂರನೆಯ ತೊಡಕೊಂದುಂಟು. ಎರಡು ಪ್ರತಿಗಳಲ್ಲಿ ಒಂದನ್ನು ತಿದ್ದಿ ಇನ್ನೊಂದನ್ನು ಹಾಗೆಯೇ ಬಿಟ್ಟರೆ ಯಾವುದು ಪ್ರಮಾಣ? ರೂಢಿಯಲ್ಲಿ ಪಾಸ್‌ವರ್ಡ್ ಎನ್ನಲಾಗುವ ಗುಪ್ತಪದಗಳ ಕೋಶವನ್ನು ಹಲವು ಗಣಕಯಂತ್ರಗಳಲ್ಲಿ ಇಟ್ಟುಕೊಳ್ಳುವವರ ಮುಂದೆ ಈ ಮೂರು ಪ್ರಶ್ನೆಗಳೂ ಏಕಕಾಲದಲ್ಲಿ ಬಂದು ನಿಲ್ಲುತ್ತವೆ. ಹೊರಗಿನ ಮೂರನೆಯವನ ಕೈಗೆ ಕೋಶವನ್ನು ಒಪ್ಪಿಸದೆ, ಒಂದೇ ಕಟ್ಟಡದ ಸ್ಥಳೀಯ ಜಾಲದಲ್ಲಿಯೇ ಪ್ರತಿಗಳನ್ನು ಸಮನ್ವಯಗೊಳಿಸಬಹುದೆ, ಅದಕ್ಕೆ ಯಾವ ನಿಯಮಗಳು ಬೇಕು ಎಂಬುದೇ ಪ್ರಕೃತ ಲೇಖನದ ವಿಷಯ. ಪ್ರಶ್ನೆ ಯಂತ್ರಶಾಸ್ತ್ರದ್ದೆಂದು ತೋರಿದರೂ ಅದರ ಬೇರುಗಳು ನಮ್ಮ ದಪ್ತರಗಳ ಚರಿತ್ರೆಯಲ್ಲಿಯೂ ಇವೆ.

೨

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಈ ಮೂರೂ ಊರುಗಳು ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ಇಲ್ಲಿನ ಗ್ರಾಮಲೆಕ್ಕವನ್ನು ವಂಶಪಾರಂಪರ್ಯವಾಗಿ ಬರೆಯುತ್ತಿದ್ದವನು ಕುಲಕರ್ಣಿ. ಮುಂಬಯಿ ಸರಕಾರದ ೧೯೫೦ರ ಕಾಯಿದೆಯು ಕುಲಕರ್ಣಿ ವತನವನ್ನು ರದ್ದುಮಾಡಿತು. ದಪ್ತರವು ಸಂಬಳದ ತಲಾಠಿಯ ಕೈಗೆ ಬಂದಿತು. ಕೈ ಬದಲಾದರೂ ತೊಡಕು ಬದಲಾಗಲಿಲ್ಲ. ಊರಿನ ಪುಸ್ತಕ ಒಂದು ಹೇಳಿ ಕಚೇರಿಯ ಪುಸ್ತಕ ಇನ್ನೊಂದು ಹೇಳಿದರೆ, ಹೊಲದ ಒಡೆಯನು ಎರಡರ ನಡುವೆ ಅಲೆಯಬೇಕಾಗುತ್ತಿತ್ತು.

ಈ ಭಾಗದ ಜನ ಉತಾರ ಎಂದು ಕರೆಯುವ ಪಹಣಿಯನ್ನು ಗಣಕಯಂತ್ರಕ್ಕೆ ಏರಿಸಿದ 'ಭೂಮಿ' ಯೋಜನೆಯು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ವ್ಯಾಪಿಸಿತು. ಸುಮಾರು ೬೭ ಲಕ್ಷ ಭೂಹಿಡುವಳಿದಾರರ ೨ ಕೋಟಿ ದಾಖಲೆಗಳು ಅದರಲ್ಲಿ ಅಡಕವಾದವು. ೧೫ ರೂಪಾಯಿ ಶುಲ್ಕಕ್ಕೆ ಮುದ್ರಿತ ಪ್ರತಿ ದೊರೆಯತೊಡಗಿತು. ನಮ್ಮ ವಿಷಯಕ್ಕೆ ಇಲ್ಲಿ ಗಮನಾರ್ಹವಾದುದು ಒಂದು ಸಂಗತಿ. ದಾಖಲೆಯನ್ನು ತಿದ್ದುವ ಅಧಿಕಾರಿಯನ್ನು ಗುರುತಿಸಲು ಬರಿಯ ಗುಪ್ತಪದ ಸಾಲದೆಂದು ಬೆರಳಚ್ಚಿನ ಪರೀಕ್ಷೆಯನ್ನು ಅಳವಡಿಸಲಾಯಿತು. ಗುಪ್ತಪದವನ್ನು ಮೇಜಿನಿಂದ ಮೇಜಿಗೆ ಹೇಳಿಕೊಡಬಹುದು. ಆಮೇಲೆ 'ತಿದ್ದಿದವನು ನಾನಲ್ಲ' ಎನ್ನಲೂ ಬಹುದು. ಗುಪ್ತಪದವು ತಿಳಿವಳಿಕೆಗೆ ಸಾಕ್ಷಿಯೇ ಹೊರತು ವ್ಯಕ್ತಿಗೆ ಸಾಕ್ಷಿಯಲ್ಲ. ಈ ಮಿತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯಬೇಕು.

೩

ಗಣಕಯಂತ್ರದ ಗುಪ್ತಪದಕ್ಕೆ ಹೆಚ್ಚು ವಯಸ್ಸಾಗಿಲ್ಲ. ಅಮೆರಿಕದ ಮೆಸಾಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ನೇತೃತ್ವದಲ್ಲಿ ೧೯೬೧ರಲ್ಲಿ ಸಿದ್ಧವಾದ ವ್ಯವಸ್ಥೆಯೊಂದು ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳಲು ಅವಕಾಶ ಕೊಟ್ಟಿತು. ಒಬ್ಬೊಬ್ಬರಿಗೂ ಒಂದು ಗುಪ್ತಪದ ಬೇಕಾಯಿತು. ಮರುವರ್ಷವೇ ಅಲ್ಲಿನ ವಿದ್ಯಾರ್ಥಿಯೊಬ್ಬರು ಎಲ್ಲರ ಗುಪ್ತಪದಗಳ ಕಡತವನ್ನೇ ಮುದ್ರಿಸಿ ತೆಗೆದುಕೊಂಡರು. ೧೯೭೯ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಅವರು ಪ್ರಕಟಿಸಿದ ಪ್ರಬಂಧವು ಯಂತ್ರವು ಗುಪ್ತಪದವನ್ನೇ ಇಟ್ಟುಕೊಳ್ಳದೆ, ಹಿಂದಿರುಗಿಸಲಾಗದಂತೆ ರೂಪಾಂತರಿಸಿದ ಗುರುತನ್ನು ಮಾತ್ರ ಇಟ್ಟುಕೊಳ್ಳುವ ಮಾರ್ಗವನ್ನು ವಿವರಿಸಿತು.

ಆದರೆ ಬೀಗದ ಒಡೆಯನಿಗೆ ಸಾಕಾದುದು ಕೀಲಿಯ ಒಡೆಯನಿಗೆ ಸಾಲದು. ಬಳಸುವವನಿಗೆ ಗುಪ್ತಪದವು ಇದ್ದ ಹಾಗೆಯೇ ಬೇಕು. ಈ ಅಗತ್ಯದಿಂದ ಹುಟ್ಟಿದುದು ಗುಪ್ತಪದಕೋಶ, ಅಂದರೆ ಪಾಸ್‌ವರ್ಡ್ ಮ್ಯಾನೇಜರ್. ಎಲ್ಲ ಗುಪ್ತಪದಗಳನ್ನೂ ಗೂಢಲಿಪಿಯ ಒಂದೇ ಕಡತದಲ್ಲಿ ಮುಚ್ಚಿಟ್ಟು, ಅದನ್ನು ತೆರೆಯಲು ಒಂದೇ ಮೂಲಪದವನ್ನು ನೆನಪಿಡುವುದು ಇದರ ಕ್ರಮ. ಬ್ರೂಸ್ ಶ್ನಾಯರ್ ಅವರ 'ಪಾಸ್‌ವರ್ಡ್ ಸೇಫ್' ೧೯೯೭ರದು. ಜರ್ಮನಿಯ ಡೊಮಿನಿಕ್ ರೈಖ್ಲ್ ಅವರ 'ಕೀಪಾಸ್' ೨೦೦೩ರದು.

೪

ಇಂತಹ ಕೋಶದ ಅಗತ್ಯ ನಮ್ಮ ಪೇಟೆಗಳಿಗೆ ಹೇಗೆ ಬಂದಿತೆಂಬುದನ್ನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದಲ್ಲಿ ಕಾಣಬಹುದು. ಹಿಂದೆ ದೇಶದ ಅನೇಕ ಮಂಡಿಗಳಲ್ಲಿ ದಲಾಲಿಯೂ ಖರೀದಿದಾರನೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರವನ್ನು ತಿಳಿಸುತ್ತಿದ್ದರು. ಗುಟ್ಟು ಇಬ್ಬರ ಕೈಯಲ್ಲಿ. ಮಾಲಿನ ಒಡೆಯನಾದ ರೈತನಿಗೆ ಮಾತ್ರ ತಿಳಿಯದು. ಮಾರುಕಟ್ಟೆಗಳ ಮೇಲೆ ಕಾಯಿದೆಯ ನಿಯಂತ್ರಣ ಬಂದ ಮೇಲೆ ಬಹಿರಂಗ ಹರಾಜೂ ಮುಚ್ಚಿದ ಟೆಂಡರೂ ಆ ಸ್ಥಾನವನ್ನು ಪಡೆದವು. ೨೦೧೪ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯು ಆರಂಭವಾಗಿ ಟೆಂಡರು ಗಣಕಯಂತ್ರಕ್ಕೆ ಸಾಗಿತು. ೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವಾ ತೆರಿಗೆಯ ಲೆಕ್ಕವೂ ಅಂತರ್ಜಾಲದಲ್ಲಿಯೇ ಸಲ್ಲತಕ್ಕದ್ದಾಯಿತು. ಟೆಂಡರು, ತೆರಿಗೆ, ಬ್ಯಾಂಕು, ಹೀಗೆ ಒಂದು ದಲಾಲಿ ಅಂಗಡಿಗೆ ಹತ್ತಾರು ಗುಪ್ತಪದಗಳು ಬೇಕಾದವು. ಮಾಲೀಕನ ಮೇಜಿನ ಮೇಲೊಂದು ಯಂತ್ರ, ಗುಮಾಸ್ತನ ಮೇಜಿನ ಮೇಲೊಂದು ಯಂತ್ರ. ಎರಡರಲ್ಲಿಯೂ ಕೋಶದ ಪ್ರತಿ ಬೇಕು.

ಒಂದೇ ಯಂತ್ರದಲ್ಲಿ ಇಟ್ಟರಾಗದೆ ಎಂದು ಕೇಳಬಹುದು. ೨೦೨೪ರ ಮಾರ್ಚ್ ೧೧ರಂದು ಬೆಲೆಕುಸಿತದಿಂದ ಕೆರಳಿದ ರೈತರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳು ಬೆಂಕಿಗೆ ಆಹುತಿಯಾದವು. ಆ ಘಟನೆಯ ಆರ್ಥಿಕ ಕಾರಣಗಳು ಬೇರೊಂದು ಲೇಖನಕ್ಕೆ ವಿಷಯ. ಒಂದೇ ಎಡೆಯಲ್ಲಿರುವ ದಾಖಲೆ ಒಂದು ಮಧ್ಯಾಹ್ನದಲ್ಲಿ ಇಲ್ಲವಾಗಬಹುದೆಂಬ ಎಚ್ಚರಿಕೆ ಮಾತ್ರ ನಮಗೆ ಇಲ್ಲಿ ಸಾಕು.

ಹಾಗಾದರೆ ಪ್ರತಿಯನ್ನು ದೂರದ ಸಂಸ್ಥೆಯೊಂದರ ಯಂತ್ರದಲ್ಲಿ ಇಡಬಹುದಲ್ಲ? ಬಹುಜನರ ಮಾರ್ಗ ಅದೇ. ಅದರಲ್ಲಿ ಸೌಕರ್ಯವೂ ಇದೆ. ಆದರೆ ೨೦೨೨ರಲ್ಲಿ 'ಲಾಸ್ಟ್‌ಪಾಸ್' ಸಂಸ್ಥೆಯ ಗ್ರಾಹಕರ ಕೋಶಗಳ ಪ್ರತಿಗಳನ್ನು ಕಳ್ಳರು ಒಯ್ದರೆಂಬುದನ್ನು ಆ ಸಂಸ್ಥೆಯೇ ಡಿಸೆಂಬರಿನಲ್ಲಿ ಪ್ರಕಟಿಸಿತು. ಗುಪ್ತಪದಗಳು ಗೂಢಲಿಪಿಯಲ್ಲಿದ್ದವು, ನಿಜ. ಆದರೆ ಮೂಲಪದವು ದುರ್ಬಲವಾಗಿದ್ದವರಿಗೆ ಆ ಲಿಪಿ ಎಷ್ಟು ಕಾಲ ರಕ್ಷಣೆಯಾದೀತು? ಲಕ್ಷಾಂತರ ಜನರ ಕೋಶಗಳು ಒಂದೆಡೆ ಕೂಡಿದಲ್ಲಿ ಕಳ್ಳನ ಕಣ್ಣು ಬೀಳುವುದು ಸಹಜ.

೫

ಉಳಿದ ಮಾರ್ಗವು ಸ್ಥಳೀಯ ಜಾಲದ ಸಮನ್ವಯ. ಇದಕ್ಕೆ ಮೂರು ನಿಯಮಗಳು ಆವಶ್ಯಕವೆಂದು ಚರಿತ್ರೆಯಿಂದ ತಿಳಿದುಬರುತ್ತದೆ.

ಮೊದಲನೆಯದು ಪರಸ್ಪರ ಪರಿಚಯ. ೨೦೧೩ರ ಕೊನೆಯಲ್ಲಿ ಹೊರಬಂದ 'ಸಿಂಕ್‌ಥಿಂಗ್' ಎಂಬ ತಂತ್ರಾಂಶದಲ್ಲಿ ಪ್ರತಿಯೊಂದು ಯಂತ್ರಕ್ಕೂ ಅದರ ಪ್ರಮಾಣಪತ್ರದಿಂದ ಹುಟ್ಟಿದ ಒಂದು ಗುರುತು ಇದೆ. ಎರಡು ಯಂತ್ರಗಳೂ ಒಂದರ ಗುರುತನ್ನು ಇನ್ನೊಂದು ಒಪ್ಪಿದ ಹೊರತು ಕಡತವು ಸಾಗದು. ಸಾಗುವಾಗಲೂ ಗೂಢಲಿಪಿಯಲ್ಲಿಯೇ ಸಾಗುವುದು. ಜಿಲ್ಲಾ ಖಜಾನೆಯ ಜೋಡಿ ಬೀಗವು ಅಧಿಕಾರಿಯ ಕೀಲಿಯೂ ಖಜಾಂಚಿಯ ಕೀಲಿಯೂ ಕೂಡಿದಲ್ಲದೆ ತೆರೆಯದೆ ಇದ್ದುದನ್ನು ಇದು ನೆನಪಿಗೆ ತರುತ್ತದೆ.

ಎರಡನೆಯದು ತಿದ್ದುಪಡಿಯ ಕಾಲನಿರ್ಣಯ. ಬೇರೆ ಬೇರೆ ಯಂತ್ರಗಳ ಗಡಿಯಾರಗಳು ಎಂದಿಗೂ ಪೂರ್ಣವಾಗಿ ಕೂಡಿಬರುವುದಿಲ್ಲ; ಘಟನೆಗಳ ಮುಂಚು-ಹಿಂಚನ್ನು ಗಡಿಯಾರವಿಲ್ಲದೆ ನಿರ್ಣಯಿಸುವ ಬಗೆಯನ್ನು ಲೆಸ್ಲಿ ಲ್ಯಾಂಪೋರ್ಟ್ ಅವರು ೧೯೭೮ರಲ್ಲಿಯೇ ವಿವೇಚಿಸಿದ್ದರು. 'ಕೀಪಾಸ್' ತಂತ್ರಾಂಶದ ಕ್ರಮ ಇದಕ್ಕಿಂತ ಸರಳ. ಕೋಶದ ಒಂದೊಂದು ನಮೂದಿಗೂ ಬದಲಾಗದ ಗುರುತುಸಂಖ್ಯೆಯೂ ಕೊನೆಯ ತಿದ್ದುಪಡಿಯ ವೇಳೆಯೂ ಇವೆ. ಎರಡು ಪ್ರತಿಗಳು ಕೂಡಿದಾಗ ಹೊಸ ತಿದ್ದುಪಡಿಯು ನಿಲ್ಲುತ್ತದೆ. ಆದುದರಿಂದ ಗುಮಾಸ್ತನ ಯಂತ್ರದ ಗಡಿಯಾರ ತಪ್ಪಿದ್ದರೆ ನಿರ್ಣಯವೂ ತಪ್ಪುವುದು.

ಮೂರನೆಯದು, ಸೋತ ಪಾಠವನ್ನು ಅಳಿಸದಿರುವುದು. 'ಕೀಪಾಸ್' ಹಳೆಯ ನಮೂದನ್ನು ಅದರದೇ ಇತಿಹಾಸದ ಪುಟಕ್ಕೆ ಸೇರಿಸಿಡುತ್ತದೆ. ಅಳಿಸಿದ ನಮೂದುಗಳ ಪಟ್ಟಿಯನ್ನೂ ಇಡುತ್ತದೆ. ಈ ಪಟ್ಟಿ ಇಲ್ಲದಿದ್ದರೆ ಒಂದೆಡೆ ಅಳಿಸಿದುದು ಇನ್ನೊಂದೆಡೆಯಿಂದ ಮರಳಿ ಹುಟ್ಟಿಬರುತ್ತಿತ್ತು. ಇಲ್ಲಿ ಎರಡು ಬಗೆಯ ತಂತ್ರಾಂಶಗಳ ಭೇದವನ್ನು ಅರಿಯಬೇಕು. 'ಸಿಂಕ್‌ಥಿಂಗ್' ಕಡತದ ಒಳಗನ್ನು ನೋಡದು. ಎರಡೂ ಕಡೆ ಏಕಕಾಲದಲ್ಲಿ ತಿದ್ದುಪಡಿಯಾದರೆ ಒಂದನ್ನು ಬೇರೆ ಹೆಸರಿನಿಂದ ಪಕ್ಕದಲ್ಲಿಟ್ಟು ಸುಮ್ಮನಾಗುತ್ತದೆ. ನಮೂದುಗಳನ್ನು ಒಂದೊಂದಾಗಿ ಹೋಲಿಸಿ ಕೂಡಿಸುವ ಕೆಲಸ ಗುಪ್ತಪದಕೋಶದ್ದೇ. ಸಾಗಿಸುವವನು ಓಲೆಕಾರ, ಕೂಡಿಸುವವನು ಲೆಕ್ಕಿಗ. ಓಲೆಕಾರನನ್ನು ಲೆಕ್ಕಿಗನೆಂದು ಭ್ರಮಿಸಿ ಪಕ್ಕದಲ್ಲಿ ಬಿದ್ದ ಪ್ರತಿಯನ್ನು ಕಸವೆಂದು ಅಳಿಸಿದವನು, ಹಿಂದಿನ ದಿನ ಬದಲಿಸಿದ ಗುಪ್ತಪದವನ್ನು ಕಳೆದುಕೊಂಡಾನು.

೬

ಈ ಮಾರ್ಗವು ದೋಷರಹಿತವೆಂದು ಹೇಳುವಂತಿಲ್ಲ. ಮೂಲಪದವನ್ನು ಮರೆತವನಿಗೆ ಎಷ್ಟು ಪ್ರತಿಗಳಿದ್ದರೂ ಪ್ರಯೋಜನವಿಲ್ಲ. ತಯಾರಕರ ನಿರ್ಧಾರಕ್ಕೂ ಬಳಕೆದಾರನು ಅಧೀನನು: ಸ್ಥಳೀಯ ಜಾಲದ ಸಮನ್ವಯಕ್ಕೆ ಅವಕಾಶವಿತ್ತಿದ್ದ 'ವನ್‌ಪಾಸ್‌ವರ್ಡ್' ೨೦೨೧-೨೨ರ ತನ್ನ ೮ನೆಯ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿತು. ಇದಲ್ಲದೆ ಎರಡು ಯಂತ್ರಗಳೂ ಒಂದೇ ಅಂಗಡಿಯಲ್ಲಿದ್ದರೆ ಬೆಂಕಿಯು ಎರಡನ್ನೂ ಬಿಡದು. ಬ್ಯಾಡಗಿಯ ಅಂಗಡಿಯ ಮೂರನೆಯ ಪ್ರತಿಯೊಂದು ರಾಣೆಬೆನ್ನೂರಿನ ಮನೆಯಲ್ಲಿಯೋ ಹಾವೇರಿಯ ಬಂಧುಗಳಲ್ಲಿಯೋ ಇದ್ದು, ಆಗಾಗ ಅಂಗಡಿಯ ಜಾಲಕ್ಕೆ ಬಂದು ಸಮನ್ವಯಗೊಂಡು ಹೋಗುವುದು ಕ್ಷೇಮ.

ಒಟ್ಟಿನಲ್ಲಿ, ಮೂರನೆಯವನಿಲ್ಲದೆ ಇಬ್ಬರು ಗುಟ್ಟನ್ನು ಕಾಯಬೇಕಾದರೆ ಪರಿಚಯ, ಕಾಲನಿರ್ಣಯ, ಇತಿಹಾಸ ಈ ಮೂರೂ ಬೇಕು. ಬಟ್ಟೆಯ ಮರೆಯ ವ್ಯಾಪಾರದಲ್ಲಿ ಪರಿಚಯವಿದ್ದಿತು, ಇತಿಹಾಸವಿರಲಿಲ್ಲ. ಊರ ದಪ್ತರದಲ್ಲಿ ಇತಿಹಾಸವಿದ್ದಿತು, ಎರಡು ಪುಸ್ತಕಗಳನ್ನು ಕೂಡಿಸುವ ನಿಯಮ ಸಾಲದಾಗಿತ್ತು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಈ ಮೂರು ಊರುಗಳ ಅಂಗಡಿ, ಸಹಕಾರಿ ಸಂಘ, ಶಾಲೆಗಳಲ್ಲಿ ಗುಪ್ತಪದಗಳನ್ನು ಕಾಯುವ ರೀತಿಯನ್ನು ವಿಚಾರಿಸಿ ಬರೆದಿಡುವುದು ಉಪಯುಕ್ತ ಕಾರ್ಯವಾದೀತು. ವಿಚಾರಿಸುವಾಗ ರೀತಿಯನ್ನು ಮಾತ್ರ ಕೇಳತಕ್ಕದ್ದು, ಗುಪ್ತಪದವನ್ನು ಕೇಳತಕ್ಕದ್ದಲ್ಲ.