ಆಕಾಶದಲ್ಲೊಂದು ನೀರಿನ ಪಾಳಿ
(ಬಾನುಲಿ ಭಾಷಣ)

ನಮ್ಮ ಹಳ್ಳಿಗಾಡಿನಲ್ಲಿ ಕೆರೆಯ ನೀರಿಗೆ ಪಾಳಿ ಎಂಬುದೊಂದುಂಟು. ನೀರುಗಂಟಿ ತೂಬೆತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ನಿಶ್ಚಯಿಸುತ್ತಾನೆ. ತೂಬಿನ ಬಳಿಯ ಗದ್ದೆಯವನಿಗೆ ಈ ಪಾಳಿ ಅಷ್ಟೇನೂ ಮುಖ್ಯವಲ್ಲ. ಕಾಲುವೆಯ ಕೊನೆಯಲ್ಲಿರುವವನಿಗೆ ಅದೇ ಜೀವ. ಆಕಾಶದಲ್ಲಿಯೂ ಇಂಥದೊಂದು ಪಾಳಿ ನಡೆದುಬಂದಿದೆ. ನಾನು ಇತಿಹಾಸವನ್ನು ಓದುವವನೇ ಹೊರತು ಯಂತ್ರವಿದ್ಯೆಯನ್ನು ಬಲ್ಲವನಲ್ಲ. ಆದರೂ ಈ ಕಥೆ ನನ್ನನ್ನು ಬಹುಕಾಲದಿಂದ ಕಾಡಿದೆ. ಏಕೆಂದರೆ ಅದರ ಒಂದು ಅಧ್ಯಾಯ ನಡೆದದ್ದು ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರಗಳ ಹಳ್ಳಿಗಳಲ್ಲಿ.

ಸಮಭಾಜಕ ವೃತ್ತದ ನೇರಕ್ಕೆ, ನೆಲದಿಂದ ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ ಭೂಮಿಯ ತಿರುಗುವಿಕೆಗೆ ಸರಿಯಾಗಿ ಹೆಜ್ಜೆಯಿಡುತ್ತದೆ. ನಮ್ಮ ಕಣ್ಣಿಗೆ ಅದು ನಿಂತಲ್ಲೇ ನಿಂತಂತೆ. ಅಂಥ ಸ್ಥಾನದಿಂದ ಲೋಕಕ್ಕೆಲ್ಲ ಪ್ರಸಾರ ಮಾಡಬಹುದೆಂದು ಆರ್ಥರ್ ಕ್ಲಾರ್ಕ್ 1945ರಲ್ಲಿಯೇ ಬರೆದರು. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ದೃಶ್ಯಗಳು ಸಿಂಕಾಮ್-3 ಉಪಗ್ರಹದ ಮೂಲಕ ಅಮೆರಿಕವನ್ನು ಮುಟ್ಟಿದವು. ಆದರೆ ಇಂಥ ವೃತ್ತ ಇರುವುದು ಒಂದೇ ಒಂದು. ಅಲ್ಲಿ ಇಕ್ಕಟ್ಟಾಗುವುದು ಉಪಗ್ರಹಗಳ ಒಡಲಿಗಲ್ಲ, ಅವುಗಳ ದನಿಗೆ. ಒಂದೇ ತರಂಗಾಂತರದಲ್ಲಿ ನುಡಿಯುವ ಎರಡು ಉಪಗ್ರಹಗಳು ತೀರ ಹತ್ತಿರವಿದ್ದರೆ ನೆಲದ ಮೇಲಿನ ತಟ್ಟೆಗೆ ಇವನಾರು ಅವನಾರು ಎಂದು ತಿಳಿಯದು. ಆದ್ದರಿಂದಲೇ ಆ ಅಪಾರ ಶೂನ್ಯದಲ್ಲಿಯೂ ಸ್ಥಾನಕ್ಕೆ ಬರ ಬಂದಿತು.

1969ರ ಸೆಪ್ಟೆಂಬರಿನಲ್ಲಿ ಭಾರತಕ್ಕೂ ಅಮೆರಿಕದ ನಾಸಾ ಸಂಸ್ಥೆಗೂ ಒಂದು ಒಪ್ಪಂದವಾಯಿತು. ಅದರ ಹಿಂದಿದ್ದ ಚೇತನ ವಿಕ್ರಮ್ ಸಾರಾಭಾಯಿ. ಫಲವನ್ನು ಕಾಣುವ ಮೊದಲೇ, 1971ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡರು. 1974ರಲ್ಲಿ ಮೇಲೇರಿದ ಎ.ಟಿ.ಎಸ್.-6 ಉಪಗ್ರಹ ಮೊದಲ ವರ್ಷ ಅಲಾಸ್ಕ, ಅಪಲೇಚಿಯದಂಥ ಅಮೆರಿಕದ ದೂರಪ್ರದೇಶಗಳಿಗೆ ಪಾಠವನ್ನೂ ವೈದ್ಯಸಲಹೆಯನ್ನೂ ಮುಟ್ಟಿಸುತ್ತಿತ್ತು. 1975ರಲ್ಲಿ ಅದನ್ನು ಅಲ್ಲಿಂದ ಸರಿಸಿ, ಪೂರ್ವ ರೇಖಾಂಶ 35 ಡಿಗ್ರಿಗೆ ತಂದು ನಿಲ್ಲಿಸಿದರು. ನಮಗೆ ಬಂದ ಪಾಳಿ ಅವರಿಗೆ ತಪ್ಪಿದ ಪಾಳಿಯಾಗಿತ್ತೆಂಬುದನ್ನು ನಾವು ನೆನೆಯುವುದು ಕಡಮೆ.

1975ರ ಆಗಸ್ಟ್ 1ರಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಇದೇ 'ಸೈಟ್' ಪ್ರಯೋಗ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ; ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆಗಳ ವಿಚಾರ ಹಿರಿಯರಿಗೆ. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ತಟ್ಟೆಗಳು ಹಳ್ಳಿಗಳಲ್ಲಿ ಎದ್ದುನಿಂತವು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಆರು ವರ್ಷ ಮೊದಲೇ ಕಾಲುವೆಯ ಕೊನೆಯ ಗದ್ದೆಗೆ ನೀರು ಹರಿದಿತ್ತು!

ಆ ನೀರನ್ನೂ ಹಂಚಿಕೊಳ್ಳಬೇಕಾಗಿತ್ತು. ಉಪಗ್ರಹದಲ್ಲಿ ನಮಗೆ ದೊರೆತದ್ದು ಒಂದು ಚಿತ್ರಮಾರ್ಗ, ಎರಡು ಧ್ವನಿಮಾರ್ಗ. ಭಾಷೆಗಳೋ ಹಿಂದಿ, ಒರಿಯಾ, ತೆಲುಗು, ಕನ್ನಡವೆಂದು ನಾಲ್ಕು. ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾದ ಒಂದೇ ಚಿತ್ರಕ್ಕೆ ತೆಲುಗು, ಕನ್ನಡ ಎರಡು ದನಿಗಳನ್ನು ಜೋಡಿಸಿ ಕಳುಹಿಸುತ್ತಿದ್ದರು. ತೆರೆಯ ಮೇಲೆ ತುಟಿಯಾಡಿಸುವ ರೈತ ಒಬ್ಬನೇ. ಅವನು ತೆಲಂಗಾಣದಲ್ಲಿ ತೆಲುಗನಾದ, ರಾಯಚೂರಿನಲ್ಲಿ ಕನ್ನಡಿಗನಾದ. ಇದನ್ನು ಕೊರತೆಯೆನ್ನಬೇಕೋ ಸೌಹಾರ್ದವೆನ್ನಬೇಕೋ ನಾನು ಅರಿಯೆ. ಎರಡೂ ಹೌದೆಂದು ತೋರುತ್ತದೆ.

1976ರ ಜುಲೈ 31ಕ್ಕೆ ಪಾಳಿ ಮುಗಿಯಿತು. ಉಪಗ್ರಹ ತನ್ನ ಒಡೆಯರ ಕಡೆಗೆ ಮರಳಿತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಪ್ರಸಾರಕೇಂದ್ರವೊಂದು ಆರಂಭವಾದದ್ದು ನಿಜ. ಆದರೆ ನೆಲದ ಗೋಪುರಕ್ಕೆ ಆಕಾಶದ ಕೈಯಳತೆ ಎಲ್ಲಿಂದ ಬರಬೇಕು? ಎರವಿನ ನೀರಿನಲ್ಲಿ ಬೆಳೆ ತೆಗೆಯಬಹುದು, ಬಾಳು ಕಟ್ಟಲಾಗದು ಎಂಬ ಪಾಠವನ್ನು ದೇಶ ಅಂದು ಕಲಿಯಿತೆಂದು ನನ್ನ ಎಣಿಕೆ.

1976ರ ಡಿಸೆಂಬರಿನಲ್ಲಿ ಕೊಲಂಬಿಯ, ಇಂಡೊನೇಷ್ಯ, ಕೆನ್ಯ, ಉಗಾಂಡ ಮೊದಲಾದ ಸಮಭಾಜಕದ ದೇಶಗಳು ಬೊಗೊಟಾದಲ್ಲಿ ಸೇರಿ, ತಮ್ಮ ನೆಲದ ಮೇಲಿನ ಕಕ್ಷೆ ತಮ್ಮದೇ ಸಂಪತ್ತೆಂದು ಸಾರಿದವು. ನಮಗೆ ಚಿತ್ರ ಕಳುಹಿಸಿದ ಉಪಗ್ರಹ ನಿಂತಿದ್ದುದೂ ಕೆನ್ಯದ ನೆತ್ತಿಯ ಮೇಲೆಯೇ! 1967ರ ಅಂತರಿಕ್ಷ ಒಪ್ಪಂದದಂತೆ ಆಕಾಶಕ್ಕೆ ಒಡೆತನವಿಲ್ಲವೆಂದು ಉಳಿದವರು ಆ ಮಾತನ್ನು ತಳ್ಳಿಹಾಕಿದರು. ನ್ಯಾಯ ಅವರ ಕಡೆಗಿತ್ತು. ಆದರೆ ನೋವು ಸುಳ್ಳಾಗಿರಲಿಲ್ಲ. ಮೊದಲು ಬಂದವನಿಗೆ ಮೊದಲ ಸ್ಥಾನವೆಂಬ ಪದ್ಧತಿಯಲ್ಲಿ, ರಾಕೆಟ್ಟು ಇಲ್ಲದವನು ಎಂದೆಂದಿಗೂ ಕೊನೆಯವನೇ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೆಂಬ ನೀರುಗಂಟಿ ಈ ನೋವನ್ನು ಕಡೆಗೂ ಕೇಳಿತು. 1985 ಮತ್ತು 1988ರ ಸಮ್ಮೇಳನಗಳ ಫಲವಾಗಿ, ಕೆಲವು ತರಂಗಾಂತರಗಳಲ್ಲಿ ಪ್ರತಿಯೊಂದು ರಾಷ್ಟ್ರಕ್ಕೂ ಒಂದು ಸ್ಥಾನವನ್ನಾದರೂ ಕಾದಿರಿಸುವ ಯೋಜನೆ ಸಿದ್ಧವಾಯಿತು.

ಅಷ್ಟರಲ್ಲಿ ಭಾರತ ತನ್ನದೇ ತೂಬನ್ನು ಕಟ್ಟಿಕೊಂಡಿತ್ತು. 1982ರಲ್ಲಿ ಪೂರ್ವ 74 ಡಿಗ್ರಿಗೆ ಏರಿದ ಇನ್ಸಾಟ್-1ಎ ಐದೇ ತಿಂಗಳಲ್ಲಿ ಕೈಬಿಟ್ಟಿತು. ಮರುವರ್ಷ ಅದೇ ಸ್ಥಾನಕ್ಕೆ ಇನ್ಸಾಟ್-1ಬಿ ಬಂದು ನಿಂತು, ದೂರವಾಣಿ, ಹವಾಮಾನ, ಬಾನುಲಿ, ದೂರದರ್ಶನ ಎಲ್ಲಕ್ಕೂ ಒಂದೇ ಒಡಲಿನಲ್ಲಿ ಎಡೆಗೊಟ್ಟಿತು. ಅದರ ಕಡಿವಾಣವಿದ್ದುದು ನಮ್ಮ ಹಾಸನದಲ್ಲಿ. ಸೂರ್ಯಚಂದ್ರರ ಸೆಳೆತಕ್ಕೆ ಉಪಗ್ರಹ ಸದಾ ಅತ್ತಿತ್ತ ಜಾರುತ್ತದೆ. ಹತ್ತನೆಯ ಒಂದು ಡಿಗ್ರಿಯೆಂದರೂ ಅಲ್ಲಿ 70 ಕಿಲೋಮೀಟರಿಗೂ ಮಿಗಿಲು. ಅದನ್ನು ಮತ್ತೆ ಮತ್ತೆ ತಿದ್ದಿ ಬದುವಿನೊಳಗೆ ನಿಲ್ಲಿಸುವುದು ಹಾಸನದವರ ಕಾಯಕ. ಮುಂದೆ ಅದೇ 74 ಡಿಗ್ರಿಯ ಸ್ಥಾನದಲ್ಲಿ ಹಲವು ಉಪಗ್ರಹಗಳನ್ನು ಒಂದಕ್ಕೊಂದು ತಾಗದಂತೆ ಒಟ್ಟಿಗೆ ಇರಿಸುವಷ್ಟು ಅವರ ಕೈ ಪಳಗಿತು.

ಇಂದು ಮನೆಮನೆಯ ಮಾಳಿಗೆಯ ಮೇಲೂ ತಟ್ಟೆಯಿದೆ, ವಾಹಿನಿಗಳಿಗೆ ಲೆಕ್ಕವಿಲ್ಲ. ಆದರೂ ಇಷ್ಟೆಲ್ಲ ನೀರು ಹರಿಯುವಾಗ, ರಾಯಚೂರಿನ ರೈತನಿಗೆಂದು, ಅವನ ಹೊಲದ ಮಾತನ್ನೇ ಆಡುವ ಗಂಟೆಗಳು ಎಷ್ಟು ಎಂದು ಕೇಳಬೇಕೆನಿಸುತ್ತದೆ. ಅಂದು ದನಿ ಅರ್ಧವಾಗಿತ್ತು, ಚಿತ್ರ ಎರವಿನದಾಗಿತ್ತು; ಆದರೆ ಪಾಳಿ ಮಾತ್ರ ಅವನದಾಗಿತ್ತು.