ಚಾವಣಿ ಕಿಂಡಿ

ಚಾವಣಿ ಕಿಂಡಿ ಎಂದರೆ ಕಟ್ಟಡದ ಒಳಗಿನಿಂದ ಮಾಳಿಗೆಯ ಮೇಲಕ್ಕೆ ಹತ್ತಲು ಚಾವಣಿಯಲ್ಲಿ ಬಿಡುವ, ಮುಚ್ಚಳವಿರುವ ತೆರವು. ನೀರಿನ ಟ್ಯಾಂಕ್ ತೊಳೆಯಲು, ಸೌರಫಲಕ ಒರೆಸಲು, ಸೋರುವ ಜಾಗ ದುರಸ್ತಿ ಮಾಡಲು ಇದು ದಾರಿ. ಕಿಂಡಿ ಬಿಡುವುದೆಂದರೆ ಮಳೆ ತಡೆಯಲೆಂದೇ ಇರುವ ಚಾವಣಿಗೆ ತೂತು ಕೊರೆಯುವುದು. ಆದ್ದರಿಂದ ಅದರ ಆಯ್ಕೆಯಲ್ಲಿ ಮೊದಲು ಬರಬೇಕಾದದ್ದು ಜಾಗ ಮತ್ತು ತೆರವಿನ ಸುತ್ತ ಎತ್ತರಿಸುವ ಅಂಚುಕಟ್ಟೆ. ಮುಚ್ಚಳದ ಮಾತು ಆಮೇಲೆ.

ಕಲಬುರಗಿ ಸೀಮೆಯ ಹಿನ್ನೆಲೆ

ಮಹಾರಾಷ್ಟ್ರದ ಗಡಿಯಲ್ಲಿರುವ ಹಿರೋಳ್ಳಿಯೂ ಸೇರಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳೆಯ ಮನೆಗಳು ಬಹುಪಾಲು ಮಟ್ಟಸ ಚಾವಣಿಯವು. ಆಳಂದ, ಅಫಜಲಪುರಗಳ ಕಡೆ ದಖನ್ ಪ್ರಸ್ಥಭೂಮಿಯ ಕರಿಕಲ್ಲಿನ ದಪ್ಪ ಗೋಡೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಮಾಳಿಗೆಗೆ ಹಾಕುವ ಸವಳು ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೆನೆದಾಗ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಹರಡಿ ರಂಧ್ರ ಮುಚ್ಚುವುದರಿಂದ ನೀರು ಬೇಗ ಇಂಗುವುದಿಲ್ಲ. ಭೀಮಾ ಕೊಳ್ಳದ ಸುಣ್ಣಕಲ್ಲು ಸಿಗುವ ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಪರಸಿ ಕಲ್ಲನ್ನೇ ಚಾವಣಿಗೆ ಹಾಸುವುದುಂಟು.

ಈ ಮನೆಗಳ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತದೆ. ಕಿಟಕಿ ಕಡಿಮೆಯಿರುವ ಅಡುಗೆಮನೆಗೆ ಬೆಳಕು ತರುವುದು, ಒಲೆಯ ಹೊಗೆಯನ್ನು ಹೊರಗೆ ಬಿಡುವುದು ಅದರ ಕೆಲಸ. ಸುತ್ತ ಅಂಚನ್ನು ಎತ್ತರಿಸಿರುತ್ತಾರೆ. ಮಳೆ ಬಂದಾಗ ಯಾರಾದರೂ ಮೇಲೆ ಹತ್ತಿ ಕಲ್ಲು ಇಲ್ಲವೆ ತಗಡು ಮುಚ್ಚುತ್ತಾರೆ. ಮೇಲೆ ಹತ್ತಲು ಮಾತ್ರ ಹೊರಗಿನ ನಿಚ್ಚಣಿಕೆ ಅಥವಾ ಗೋಡೆಗೆ ಕಟ್ಟಿದ ಮೆಟ್ಟಿಲು ಇತ್ತು. ಎತ್ತರದ ಅಂಚು, ಅಂಚನ್ನು ದಾಟಿ ಹೊರಚಾಚಿದ ಮುಚ್ಚಳ ಎಂಬ ಎರಡು ನಿಯಮಗಳು ಇಂದಿನ ಹತ್ತುವ ಕಿಂಡಿಗೂ ಹಾಗೆಯೇ ಅನ್ವಯಿಸುತ್ತವೆ.

1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಗಡಿಯಾಚೆಯ ಲಾತೂರು ಮತ್ತು ಅಂದಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಇಂಥದೇ ಕಲ್ಲುಮಣ್ಣಿನ ಗೋಡೆ, ಭಾರದ ಮಾಳಿಗೆಗಳು ಕುಸಿದು ಸಾವಿರಾರು ಜನ ಸತ್ತರು. ಹಳೆಯ ಮಾಳಿಗೆಯಲ್ಲಿ ಹೊಸದಾಗಿ ಕಿಂಡಿ ತೆಗೆಯುವವರು ಈ ಪಾಠವನ್ನು ಮರೆಯಬಾರದು. ಜಂತಿಯನ್ನಾಗಲಿ ತೊಲೆಯನ್ನಾಗಲಿ ಕಡಿಯದೆ, ಎರಡು ಜಂತಿಗಳ ನಡುವಿನ ಅಂತರದೊಳಗೇ ಚೌಕಟ್ಟು ಕೂರಿಸಬೇಕು. ಅಂತರ ಸಾಲದಿದ್ದರೆ ಕಿಂಡಿಯ ಆಸೆ ಬಿಟ್ಟು ಹೊರಗಿನ ಮೆಟ್ಟಿಲನ್ನೇ ಗಟ್ಟಿಮಾಡುವುದು ಕ್ಷೇಮ. ಪರಸಿ ಚಾವಣಿಯಲ್ಲಾದರೆ ಕಲ್ಲನ್ನು ನಡುವೆ ಕೊರೆಯದೆ, ಇಡೀ ಒಂದು ಕಲ್ಲನ್ನೇ ತೆಗೆದು ಆ ಜಾಗ ಬಳಸಬೇಕು.

ಕಿಂಡಿಯೋ, ಹೆಡ್‌ರೂಮೋ

ದಿನವೂ ಮೇಲೆ ಹೋಗುವ ಮನೆಗೆ ಕಿಂಡಿ ತಕ್ಕದ್ದಲ್ಲ. ತೊಗರಿ, ಮೆಣಸಿನಕಾಯಿ, ಸಂಡಿಗೆ ಒಣಹಾಕುವವರಿಗೆ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವವರಿಗೆ, ವಯಸ್ಸಾದವರಿರುವ ಮನೆಗೆ ಮೆಟ್ಟಿಲು ಮತ್ತು ಅದು ಚಾವಣಿಗೆ ತೆರೆಯುವಲ್ಲಿ ಮೇಲೆ ಕಟ್ಟುವ ಕೋಣೆ, ಅಂದರೆ ಹೆಡ್‌ರೂಮ್ ಬೇಕು. ತಿಂಗಳಿಗೆ ಒಂದೆರಡು ಸಲ ದುರಸ್ತಿಗೆ ಮಾತ್ರ ಹತ್ತುವ ಕಡೆ ಕಿಂಡಿ ಸಾಕು. ಜಾಗವೂ ಖರ್ಚೂ ಉಳಿಯುತ್ತವೆ. ಬೆಂಕಿ ಬಿದ್ದಾಗ ಜನರು ಪಾರಾಗುವ ದಾರಿಯೆಂದು ಏಣಿಯ ಕಿಂಡಿಯನ್ನು ನಂಬಬಾರದು. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಡಿ ಸೌರಫಲಕ ಹಾಕಿಸಿಕೊಂಡವರು ಧೂಳು ಒರೆಸಲು ಆಗಾಗ ಹತ್ತಬೇಕಾಗುವುದರಿಂದ, ಅದನ್ನೂ ಲೆಕ್ಕಕ್ಕೆ ಹಿಡಿದು ತೀರ್ಮಾನಿಸಬೇಕು.

ಅಳತೆ

ನೆಟ್ಟ ಏಣಿಯಿಂದ ಒಬ್ಬರು ಹತ್ತುವ ಕಿಂಡಿಗೆ ಸುಮಾರು 75 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ತೆರವು ಕೈಗಾರಿಕೆಯಲ್ಲಿ ರೂಢಿಯಾಗಿರುವ ಅಳತೆ. ಕಡಿದಾದ ಮೆಟ್ಟಿಲಿಗೆ ಉದ್ದ ಸುಮಾರು 1.4 ಮೀಟರ್, ಸಾಮಾನ್ಯ ಮೆಟ್ಟಿಲಿಗೆ ಸುಮಾರು 2.4 ಮೀಟರ್ ಬೇಕು. ಟ್ಯಾಂಕ್, ಸೌರಫಲಕಗಳನ್ನು ಕಿಂಡಿಯಿಂದ ಸಾಗಿಸುವ ಯೋಚನೆ ಬೇಡ. ಅವನ್ನು ಹೊರಗಿನಿಂದ ಹಗ್ಗ ಕಟ್ಟಿ ಏರಿಸಬೇಕು.

ಜಾಗ ಮತ್ತು ಸ್ಲ್ಯಾಬ್

ಚಾವಣಿಯ ಅಂಚಿಗೆ, ವಿದ್ಯುತ್ ತಂತಿಗೆ, ನೀರು ಹರಿದು ಸೇರುವ ಇಳಿಜಾರಿನ ತಗ್ಗಿಗೆ ಹತ್ತಿರ ಕಿಂಡಿ ಇಡಬಾರದು. ಕೆಳಗೆ ಏಣಿಯ ಬುಡ ಬಾಗಿಲಿನ ಓಡಾಟಕ್ಕೂ ಒಲೆಗೂ ಅಡ್ಡ ಬರಬಾರದು. ಹೊಸ ಮನೆಯಾದರೆ ಸೆಂಟ್ರಿಂಗ್ ಹೊಡೆಯುವಾಗಲೇ ತೆರವು ಗುರುತಿಸಿ, ಅಲ್ಲಿ ಕಡಿಮೆಯಾಗುವ ಕಬ್ಬಿಣದಷ್ಟನ್ನೇ ಸುತ್ತ ಹೆಚ್ಚುವರಿ ಸರಳುಗಳಾಗಿ ಕೊಟ್ಟು, ನಾಲ್ಕು ಮೂಲೆಗೂ ಓರೆ ಸರಳು ಹಾಕಬೇಕು. ಇಲ್ಲದಿದ್ದರೆ ಮೂಲೆಯಿಂದ ಬಿರುಕು ಹೊರಡುತ್ತದೆ. ಹಾಕಿ ಮುಗಿದ ಸ್ಲ್ಯಾಬನ್ನು ಎಂಜಿನಿಯರ್ ನೋಡದೆ ಕೊರೆಯುವುದು ಅಪಾಯ.

ತೆರವಿನ ಸುತ್ತ ಮುಗಿದ ಚಾವಣಿಯಿಂದ ಸುಮಾರು 30 ಸೆಂ.ಮೀ. ಎತ್ತರದ ಕಾಂಕ್ರೀಟ್ ಅಂಚುಕಟ್ಟೆ ಕಟ್ಟಬೇಕು. ಜಲನಿರೋಧಕ ಲೇಪವನ್ನು ಕಟ್ಟೆಯ ಬುಡದಲ್ಲಿ ನಿಲ್ಲಿಸದೆ ಅದರ ಮೈಮೇಲೂ ಏರಿಸಬೇಕು. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಈ ಸೀಮೆಯಲ್ಲಿ, ಒಂದೇ ರಾತ್ರಿಯ ಜಡಿಮಳೆಗೆ ಚಾವಣಿಯ ಮೇಲೆ ನೀರು ನಿಲ್ಲಬಲ್ಲದು. ಕಟ್ಟೆಯಿಲ್ಲದ ಕಿಂಡಿಯಿಂದ ಅದೆಲ್ಲ ಮನೆಯೊಳಗೇ ಇಳಿಯುತ್ತದೆ.

ಮುಚ್ಚಳ

ಪರಸಿ ಕಲ್ಲು ಸುಲಭವಾಗಿ ಸಿಗುತ್ತದೆಂದು ಅದನ್ನೇ ಮುಚ್ಚಳ ಮಾಡುವುದು ತಪ್ಪು. 30 ಸೆಂ.ಮೀ. ಚೌಕದ, 4 ಸೆಂ.ಮೀ. ದಪ್ಪದ ಬೆಳಕಿಂಡಿ ಕಲ್ಲು 9–10 ಕಿಲೋ ತೂಗಿದರೆ, ಅದೇ ದಪ್ಪದಲ್ಲಿ 75×90 ಸೆಂ.ಮೀ. ಕಲ್ಲು ಸುಮಾರು 70 ಕಿಲೋ ಆಗುತ್ತದೆ. ಏಣಿಯ ಮೇಲೆ ನಿಂತು ಅದನ್ನು ಎತ್ತುವುದು ಯಾರಿಂದಲೂ ಆಗದು.

ಜಿ.ಐ. ಶೀಟು ಅಗ್ಗ, ಗಟ್ಟಿ. ಆದರೆ ಗೀರು ಬಿದ್ದಲ್ಲಿ ತುಕ್ಕು ಹಿಡಿಯುತ್ತದೆ. ಅಲ್ಯುಮಿನಿಯಂ ಹಗುರ, ತುಕ್ಕಿಲ್ಲ, ಬೆಲೆ ಹೆಚ್ಚು. ಪಾಲಿಕಾರ್ಬೊನೇಟ್ ಬೆಳಕು ತರುತ್ತದೆ. ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಪದರವಿಲ್ಲದಿದ್ದರೆ ಕೆಲ ವರ್ಷಗಳಲ್ಲಿ ಹಳದಿಯಾಗಿ ಬಿರುಸಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲಿಗೆ ಒಂಟಿ ತಗಡು ಕಾದು ಕೋಣೆಯನ್ನೂ ಕಾಯಿಸುತ್ತದೆ. ಎರಡು ತಗಡಿನ ನಡುವೆ ಶಾಖನಿರೋಧಕ ತುಂಬಿ, ಮೇಲೆ ಬಿಳಿ ಬಣ್ಣ ಬಳಿದ ಮುಚ್ಚಳ ಈ ಊರುಗಳಿಗೆ ಒಪ್ಪುತ್ತದೆ.

ಮುಚ್ಚಳದ ಅಂಚು ಕಟ್ಟೆಯ ಹೊರಗೆ ಕೆಳಕ್ಕೆ ಬಾಗಿರಬೇಕು. ನಡುವೆ ರಬ್ಬರ್ ಪಟ್ಟಿ ಇರಬೇಕು. ಬಿಜಾಗರಿಯನ್ನು ಮುಂಗಾರಿನ ಗಾಳಿ ಬರುವ ನೈಋತ್ಯದ ಕಡೆ ಇಟ್ಟರೆ ತೆರೆಯುವ ಅಂಚಿಗೆ ಇರಚಲು ಹೊಡೆಯುವುದಿಲ್ಲ. ತೆರೆದ ಮುಚ್ಚಳ ಬಿರುಗಾಳಿಗೆ ತಲೆಯ ಮೇಲೆ ಬೀಳದಂತೆ ತಡೆಹಿಡಿಯುವ ಕಂಬಿ ಕಡ್ಡಾಯ. ಚಿಲಕವನ್ನು ಒಳಗಿನಿಂದಲೂ ಮೇಲಿನಿಂದಲೂ ತೆಗೆಯುವಂತಿರಬೇಕು. ಇಲ್ಲದಿದ್ದರೆ ಹತ್ತಿದವರು ಬಿಸಿಲಲ್ಲಿ ಸಿಕ್ಕಿಬೀಳುತ್ತಾರೆ. ಮಕ್ಕಳಿರುವ ಮನೆಯಲ್ಲಿ ಕೆಳಗೆ ಬೀಗವೂ ಬೇಕು. ಆದರೆ ಯಾರಾದರೂ ಮೇಲಿರುವಾಗ ಅದನ್ನು ಹಾಕಬಾರದು.

ಏಣಿ ಮತ್ತು ಸುರಕ್ಷತೆ

ಏಣಿಯನ್ನು ಗೋಡೆಗೆ ಬೋಲ್ಟಿನಿಂದ ಬಿಗಿಯಬೇಕು. ಮೆಟ್ಟಿಲುಗಳ ನಡುವೆ ಸುಮಾರು 30 ಸೆಂ.ಮೀ., ಗೋಡೆಯಿಂದ ಕನಿಷ್ಠ 15 ಸೆಂ.ಮೀ. ಅಂತರವಿದ್ದರೆ ಪಾದ ಸರಿಯಾಗಿ ಊರುತ್ತದೆ. ಬೀಳುವ ಅಪಾಯ ಹೆಚ್ಚಿರುವುದು ಏಣಿ ಮುಗಿದು ಚಾವಣಿಗೆ ಕಾಲಿಡುವ ಕ್ಷಣದಲ್ಲಿ, ಏಕೆಂದರೆ ಅಲ್ಲಿ ಹಿಡಿಯಲು ಏನೂ ಇರುವುದಿಲ್ಲ. ಚಾವಣಿಯಿಂದ ಸುಮಾರು ಒಂದು ಮೀಟರ್ ಮೇಲಕ್ಕೆ ಬರುವ ಹಿಡಿಗಂಬಿ ಈ ಕೊರತೆ ನೀಗಿಸುತ್ತದೆ. ತೆರೆದ ಕಿಂಡಿಯೊಳಗೆ ಮೇಲಿದ್ದವರು ಬೀಳದಂತೆ ಮೂರು ಬದಿಗೆ ಕಟಾಂಜನ ಹಾಕಿ, ಹತ್ತುವ ಬದಿಗೆ ತಾನಾಗಿ ಮುಚ್ಚುವ ಗೇಟು ಇಡಬೇಕು.

ನಿರ್ವಹಣೆ

ಪ್ರತಿ ವರ್ಷ ಮೃಗಶಿರ ಮಳೆಗೆ ಮುಂಚೆ ಬಿಜಾಗರಿಗೆ ಎಣ್ಣೆ ಬಿಟ್ಟು, ಒಣಗಿ ಸೀಳಿದ ರಬ್ಬರ್ ಪಟ್ಟಿ ಬದಲಿಸಿ, ಕಟ್ಟೆಯ ಬುಡದ ಬಿರುಕು ಮುಚ್ಚಬೇಕು. ಮುಚ್ಚಳ ಹಾಕಿ ಮೇಲೆ ಕೆಲವು ಕೊಡ ನೀರು ಸುರಿದು ಕೆಳಗೆ ನೋಡಿದರೆ ಸೋರಿಕೆ ಮಳೆಗಾಲಕ್ಕೆ ಮುನ್ನವೇ ತಿಳಿಯುತ್ತದೆ.