ಕದ್ದು ನೋಡುವ ಸುಖ: ಅಗ್ಗದ ರಕ್ತಪಿಶಾಚಿ ಚಿತ್ರಗಳ ನೂರು ವರ್ಷ

ಮೆಚ್ಚಿನ ಚಲನಚಿತ್ರಗಳ ಪಟ್ಟಿ ಕೊಡಿ ಎಂದರೆ ಯಾರೂ ಇವುಗಳ ಹೆಸರನ್ನು ಮೊದಲು ಹೇಳುವುದಿಲ್ಲ. ಆದರೆ ನಡುರಾತ್ರಿಯಲ್ಲಿ ಯಾವುದೋ ಚಾನೆಲ್ಲಿನಲ್ಲಿ ಕರಿಯ ನಿಲುವಂಗಿಯವನೊಬ್ಬ ಶವಪೆಟ್ಟಿಗೆಯ ಮುಚ್ಚಳ ಸರಿಸಿ ಮೇಲೇಳುತ್ತಿದ್ದರೆ, ರಿಮೋಟ್ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. ಕೋರೆಹಲ್ಲು ಅಂಟಿಸಿದ್ದೆಂದು ಗೊತ್ತು, ಬಾವಲಿ ದಾರಕ್ಕೆ ತೂಗುತ್ತಿದೆಯೆಂದೂ ಗೊತ್ತು. ಆದರೂ ಕೊನೆಯವರೆಗೆ ನೋಡುತ್ತೇವೆ, ಬೆಳಗ್ಗೆ ಯಾರ ಬಳಿಯೂ ಆ ಮಾತೆತ್ತುವುದಿಲ್ಲ. ಅಗ್ಗದ ರಕ್ತಪಿಶಾಚಿ ಚಿತ್ರಗಳಿಗೆ ಇಂಥ ಗುಟ್ಟಿನ ಅಭಿಮಾನಿಗಳು ಜಗತ್ತಿನೆಲ್ಲೆಡೆ ಇದ್ದಾರೆ. ಈ ಚಿತ್ರಗಳು ಎಲ್ಲಿಂದ ಬಂದವು, ಅಲ್ಪ ಬಂಡವಾಳದಲ್ಲಿ ಹೇಗೆ ತಯಾರಾದವು, ಎಷ್ಟು ಉಳಿದವು ಎಂಬುದರ ಸ್ಥೂಲ ಪರಿಚಯ ಇಲ್ಲಿದೆ.

ದೇಹವಿರುವ ದೆವ್ವ

ನಮ್ಮ ನಾಡಿನ ದೆವ್ವಕ್ಕೂ ಪಶ್ಚಿಮದ ರಕ್ತಪಿಶಾಚಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ನಮ್ಮ ದೆವ್ವ ದೇಹವಿಲ್ಲದ್ದು. ಅದಕ್ಕೆ ಇನ್ನೊಬ್ಬರ ಮೈಮೇಲೆ ಬರಬೇಕಾಗುತ್ತದೆ. ಪೂರ್ವ ಯುರೋಪಿನ ಜನಪದ ನಂಬಿಕೆಯ ರಕ್ತಪಿಶಾಚಿಯಾದರೋ ತನ್ನದೇ ಹೆಣದೊಡನೆ ಸಮಾಧಿಯಿಂದ ಎದ್ದು ಬರುತ್ತದೆ, ಬದುಕಿರುವವರ ರಕ್ತ ಹೀರಿ ಬಾಳುತ್ತದೆ. ಹೆಣದೊಳಗೆ ಸೇರಿಕೊಳ್ಳುವ ನಮ್ಮ ಬೇತಾಳ ಇದಕ್ಕೆ ಹತ್ತಿರದ ಬಂಧು. ರಿಚರ್ಡ್ ಬರ್ಟನ್ 1870ರಲ್ಲಿ ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ‘ವ್ಯಾಂಪೈರ್’ ಎಂದೇ ಕರೆದದ್ದು ಈ ಕಾರಣಕ್ಕೆ.

1897ರಲ್ಲಿ ಐರಿಷ್ ಲೇಖಕ ಬ್ರಾಮ್ ಸ್ಟೋಕರ್ ಬರೆದ ‘ಡ್ರಾಕುಲಾ’ ಕಾದಂಬರಿ ಈ ನಂಬಿಕೆಗೆ ಒಂದು ಹೆಸರು, ಒಂದು ಕೋಟೆ ಮತ್ತು ಕುಲೀನ ಮನೆತನವನ್ನು ಒದಗಿಸಿತು. ಚಿತ್ರ ನಿರ್ಮಾಪಕರ ಕಣ್ಣಿಗೆ ಬಿದ್ದದ್ದು ಬೇರೆಯೇ ಸಂಗತಿ. ಈ ರಾಕ್ಷಸ ಮನುಷ್ಯನ ಆಕಾರದಲ್ಲಿಯೇ ಇರುತ್ತಾನೆ. ದೈತ್ಯ ಗೊಂಬೆ ಬೇಡ, ಯಂತ್ರ ಬೇಡ. ಒಬ್ಬ ಎತ್ತರದ ನಟ, ಒಂದು ನಿಲುವಂಗಿ, ಎರಡು ಕೋರೆಹಲ್ಲು, ಒಂದು ಹಳೆಯ ಬಂಗಲೆ ಇದ್ದರೆ ಚಿತ್ರ ತಯಾರು. ಕಡಿಮೆ ದುಡ್ಡಿನ ನಿರ್ಮಾಪಕರು ನೂರು ವರ್ಷಗಳಿಂದ ರಕ್ತಪಿಶಾಚಿಯ ಬೆನ್ನು ಬಿಡದಿರುವುದರ ಗುಟ್ಟು ಇದೇ.

ನ್ಯಾಯಾಲಯವೂ ಕೊಲ್ಲಲಾಗದ ಚಿತ್ರ

ಇಂದು ಮೇರುಕೃತಿ ಎನಿಸಿಕೊಂಡಿರುವ ‘ನೋಸ್ಫೆರಾಟು’ (1922) ತನ್ನ ಕಾಲದಲ್ಲಿ ಒಂದು ಸಣ್ಣ ಜರ್ಮನ್ ಕಂಪನಿಯ ಸಾಹಸವಾಗಿತ್ತು. ಆಲ್ಬಿನ್ ಗ್ರೌ ಮತ್ತವರ ಪಾಲುದಾರರ ‘ಪ್ರಾನಾ ಫಿಲ್ಮ್’ ಇದಕ್ಕಾಗಿ ಸ್ಟೋಕರ್ ಕಾದಂಬರಿಯ ಹಕ್ಕನ್ನು ಪಡೆಯಲಿಲ್ಲ. ಹೆಸರುಗಳನ್ನು ಬದಲಿಸಿತು, ಡ್ರಾಕುಲಾ ‘ಕೌಂಟ್ ಓರ್ಲಾಕ್’ ಆದ. ಎಫ್.ಡಬ್ಲ್ಯು. ಮುರ್ನೌ ನಿರ್ದೇಶಿಸಿದರು, ಮ್ಯಾಕ್ಸ್ ಶ್ರೆಕ್ ಬೋಳು ತಲೆಯ ಪಿಶಾಚಿಯಾದರು. ಸ್ಟುಡಿಯೋದಲ್ಲಿ ಕೋಟೆ ಕಟ್ಟುವ ಬದಲು ಸ್ಲೊವಾಕಿಯಾದ ಓರವಾ ಕೋಟೆಯನ್ನೂ ವಿಸ್ಮಾರ್, ಲ್ಯೂಬೆಕ್ ಪಟ್ಟಣಗಳ ಬೀದಿಗಳನ್ನೂ ಇದ್ದಂತೆಯೇ ಚಿತ್ರೀಕರಿಸಿಕೊಂಡರು.

ಸ್ಟೋಕರ್ ಅವರ ವಿಧವಾ ಪತ್ನಿ ಫ್ಲಾರೆನ್ಸ್ ಸುಮ್ಮನಿರಲಿಲ್ಲ. ಆಕೆ ಹೂಡಿದ ದಾವೆ ಮುಗಿಯುವಷ್ಟರಲ್ಲಿ ಪ್ರಾನಾ ದಿವಾಳಿಯಾಗಿತ್ತು. ಚಿತ್ರದ ಎಲ್ಲ ಪ್ರತಿಗಳನ್ನೂ ನಾಶಪಡಿಸಬೇಕೆಂದು 1925ರಲ್ಲಿ ಜರ್ಮನ್ ನ್ಯಾಯಾಲಯ ತೀರ್ಪಿತ್ತಿತು. ಆದರೆ ಅಷ್ಟರಲ್ಲಿ ಕೆಲವು ಪ್ರತಿಗಳು ಗಡಿ ದಾಟಿದ್ದವು. ಅವುಗಳ ಆಧಾರದಿಂದಲೇ ಚಿತ್ರ ಇಂದು ಉಳಿದಿದೆ.

ಇನ್ನೊಂದು ಸ್ವಾರಸ್ಯ. ಸೂರ್ಯನ ಬೆಳಕು ತಗುಲಿದರೆ ರಕ್ತಪಿಶಾಚಿ ಸಾಯುತ್ತದೆ ಎಂಬುದು ಪುರಾತನ ನಂಬಿಕೆಯೆಂದು ಬಹುಮಂದಿ ತಿಳಿದಿದ್ದಾರೆ. ಸ್ಟೋಕರ್ ಕಾದಂಬರಿಯ ಡ್ರಾಕುಲಾ ಹಗಲಿನಲ್ಲಿಯೂ ಓಡಾಡಬಲ್ಲ. ಅವನ ಶಕ್ತಿ ಮಾತ್ರ ಕುಗ್ಗಿರುತ್ತದೆ. ಬೆಳಗಿನ ಬೆಳಕಿಗೆ ಕರಗಿಹೋಗುವ ಪಿಶಾಚಿಯನ್ನು ರೂಢಿಗೆ ತಂದದ್ದು ‘ನೋಸ್ಫೆರಾಟು’. ಹಕ್ಕುಸ್ವಾಮ್ಯ ಮುರಿದು ಹುಟ್ಟಿದ ಚಿತ್ರವೊಂದು ಮುಂದಿನವರೆಲ್ಲರಿಗೂ ನಿಯಮ ಬರೆದುಕೊಟ್ಟಿತು!

ಲುಗೋಸಿಯ ನಿಲುವಂಗಿ

1931ರಲ್ಲಿ ಅಮೆರಿಕದ ಯೂನಿವರ್ಸಲ್ ಸಂಸ್ಥೆ ಹಕ್ಕು ಪಡೆದು ‘ಡ್ರಾಕುಲಾ’ ತಯಾರಿಸಿತು. ನಿರ್ದೇಶಕ ಟಾಡ್ ಬ್ರೌನಿಂಗ್. ನಾಯಕ ಹಂಗೇರಿ ಮೂಲದ ಬೇಲಾ ಲುಗೋಸಿ. ಹಗಲು ಇಂಗ್ಲಿಷ್ ಚಿತ್ರದ ಕೆಲಸ ಮುಗಿದ ಮೇಲೆ ರಾತ್ರಿ ಅದೇ ಸೆಟ್ಟಿನಲ್ಲಿ ಬೇರೆ ತಂಡವೊಂದು ಸ್ಪ್ಯಾನಿಷ್ ಭಾಷೆಯ ‘ಡ್ರಾಕುಲಾ’ವನ್ನು ಚಿತ್ರೀಕರಿಸುತ್ತಿತ್ತು. ಹಗಲಿನ ಚಿತ್ರಕ್ಕಿಂತ ರಾತ್ರಿಯ ಚಿತ್ರದಲ್ಲಿ ಕ್ಯಾಮೆರಾ ಹೆಚ್ಚು ಚುರುಕಾಗಿದೆ ಎಂದು ವಾದಿಸುವ ವಿಮರ್ಶಕರು ಈಗಲೂ ಇದ್ದಾರೆ.

ಲುಗೋಸಿಗೆ ದೊರೆತ ಸಂಭಾವನೆ ವಾರಕ್ಕೆ 500 ಡಾಲರಿನಂತೆ ಏಳು ವಾರಗಳಿಗೆ 3,500 ಡಾಲರ್. ಕೀರ್ತಿ ಬಂತು, ಅದರ ಜತೆಗೆ ಬೇಡಿಯೂ ಬಂತು. ಬೇರೆ ಪಾತ್ರಗಳು ಕಡಿಮೆಯಾದವು, ಮಾದಕ ದ್ರವ್ಯದ ವ್ಯಸನ ಅಂಟಿಕೊಂಡಿತು. ಕಡೆಗಾಲದಲ್ಲಿ ಕೈಹಿಡಿದವರು ಅತ್ಯಂತ ಅಗ್ಗದ ಚಿತ್ರಗಳ ನಿರ್ದೇಶಕ ಎಡ್ ವುಡ್. 1956ರ ಆಗಸ್ಟ್‌ನಲ್ಲಿ ಲುಗೋಸಿ ತೀರಿಕೊಂಡಾಗ ಅವರನ್ನು ಡ್ರಾಕುಲಾ ನಿಲುವಂಗಿಯಲ್ಲಿಯೇ ಮಣ್ಣು ಮಾಡಲಾಯಿತು.

ಅವರ ಕೆಲವೇ ನಿಮಿಷಗಳ ಮೂಕ ದೃಶ್ಯಗಳು ವುಡ್ ಬಳಿ ಉಳಿದಿದ್ದವು. ಅವನ್ನೇ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಚಿತ್ರಕ್ಕೆ ಸೇರಿಸಿದರು. ಉಳಿದ ಭಾಗದಲ್ಲಿ ವುಡ್ ಪತ್ನಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರೊಬ್ಬರು ನಿಲುವಂಗಿಯಿಂದ ಮುಖ ಮುಚ್ಚಿಕೊಂಡು ಲುಗೋಸಿಯಾಗಿ ನಟಿಸಿದರು. 1980ರಲ್ಲಿ ಪ್ರಕಟವಾದ ಒಂದು ಪುಸ್ತಕ ಇದನ್ನು ಸಾರ್ವಕಾಲಿಕ ನಿಕೃಷ್ಟ ಚಿತ್ರ ಎಂದು ಸಾರಿತು. ಆ ಬಿರುದೇ ಚಿತ್ರಕ್ಕೆ ಹೊಸ ಪ್ರೇಕ್ಷಕರನ್ನು ತಂದಿತು. ನಗುವುದಕ್ಕೆಂದು ಹೋದವರು ಲುಗೋಸಿ ತನ್ನ ಮನೆಯೆದುರು ಹೂವೊಂದನ್ನು ಕೀಳುವ ದೃಶ್ಯದಲ್ಲಿ ಸುಮ್ಮನಾಗುವುದುಂಟು. 1994ರಲ್ಲಿ ಟಿಮ್ ಬರ್ಟನ್ ತೆಗೆದ ‘ಎಡ್ ವುಡ್’ ಚಿತ್ರದಲ್ಲಿ ಲುಗೋಸಿ ಪಾತ್ರ ಮಾಡಿದ ಮಾರ್ಟಿನ್ ಲ್ಯಾಂಡೋಗೆ ಆಸ್ಕರ್ ಸಂದಿತು.

ಲುಗೋಸಿ ಮುಖದ ಚಿತ್ರವನ್ನು ಆಟಿಕೆ, ಅಂಗಿ ಮುಂತಾದವುಗಳ ಮೇಲೆ ಮುದ್ರಿಸಿ ಮಾರುವ ಹಕ್ಕು ಯಾರದ್ದು ಎಂದು ಅವರ ಮಗ ಮತ್ತು ಪತ್ನಿ ಯೂನಿವರ್ಸಲ್ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. 1979ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನಲ್ಲಿ ಕುಟುಂಬ ಸೋತಿತು. ಸತ್ತ ಕಲಾವಿದರ ಮುಖದ ಹಕ್ಕು ವಾರಸುದಾರರಿಗೆ ಸೇರಬೇಕೆಂಬ ಕಾನೂನು ಆ ರಾಜ್ಯದಲ್ಲಿ ಬಂದದ್ದು ಈ ಮೊಕದ್ದಮೆಯ ನಂತರವೇ.

ಹ್ಯಾಮರ್ ಸಂಸ್ಥೆಯ ಕೆಂಪು ಬಣ್ಣ

ಬ್ರಿಟನ್ನಿನ ಹ್ಯಾಮರ್ ಸಂಸ್ಥೆ 1958ರಲ್ಲಿ ವರ್ಣದಲ್ಲಿ ‘ಡ್ರಾಕುಲಾ’ ತೆಗೆಯಿತು. ಟೆರೆನ್ಸ್ ಫಿಶರ್ ನಿರ್ದೇಶನ, ಡ್ರಾಕುಲಾ ಆಗಿ ಕ್ರಿಸ್ಟೋಫರ್ ಲೀ, ಅವನನ್ನು ಬೇಟೆಯಾಡುವ ವ್ಯಾನ್ ಹೆಲ್ಸಿಂಗ್ ಆಗಿ ಪೀಟರ್ ಕುಶಿಂಗ್. ಥೇಮ್ಸ್ ದಂಡೆಯ ಬ್ರೇ ಎಂಬಲ್ಲಿನ ಹಳೆಯ ಬಂಗಲೆಯೇ ಅವರ ಸ್ಟುಡಿಯೋ.

ದುಡ್ಡಿನ ಕೊರತೆ ಚಿತ್ರಕಥೆಯನ್ನು ಹೇಗೆ ತಿದ್ದುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಕಾದಂಬರಿಯ ಸಮುದ್ರಯಾನವನ್ನು ಕೈಬಿಟ್ಟರು. ಡ್ರಾಕುಲಾನ ಕೋಟೆಯಿಂದ ನಾಯಕಿಯ ಮನೆಗೆ ಕುದುರೆ ಗಾಡಿಯಲ್ಲಿ ಹೋಗಿಬರಬಹುದು. ಬಾವಲಿಯಾಗಿ ಮಾರ್ಪಡುವ ದೃಶ್ಯಕ್ಕೂ ಖರ್ಚು; ರಕ್ತಪಿಶಾಚಿಗಳು ಪ್ರಾಣಿಗಳಾಗಿ ಬದಲಾಗುತ್ತವೆಂಬುದು ಬರಿಯ ತಪ್ಪು ಕಲ್ಪನೆ ಎಂದು ವ್ಯಾನ್ ಹೆಲ್ಸಿಂಗ್ ಬಾಯಿಂದಲೇ ಹೇಳಿಸಿ ಕೈತೊಳೆದುಕೊಂಡರು. ಕಲಾ ನಿರ್ದೇಶಕ ಬರ್ನಾರ್ಡ್ ರಾಬಿನ್ಸನ್ ಒಂದೇ ಸೆಟ್ಟಿನ ಕಂಬ, ಮೆಟ್ಟಿಲುಗಳನ್ನು ಅತ್ತಿತ್ತ ಸರಿಸಿ, ಬಣ್ಣ ಬದಲಿಸಿ ಮುಂದಿನ ಚಿತ್ರಕ್ಕೂ ಬಳಸುತ್ತಿದ್ದರು. 1966ರ ‘ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್’ ಮುಗಿಯುತ್ತಿದ್ದಂತೆ ಅದೇ ಸೆಟ್ಟಿನಲ್ಲಿ ಲೀ ಅವರನ್ನೇ ರಾಸ್ಪುಟಿನ್ ಮಾಡಿ ಇನ್ನೊಂದು ಚಿತ್ರ ಮುಗಿಸಿದರು. ಈ ಡ್ರಾಕುಲಾ ಚಿತ್ರದಲ್ಲಿ ಲೀ ಒಂದೂ ಮಾತಾಡುವುದಿಲ್ಲ. ಬರೆದ ಸಂಭಾಷಣೆ ಹೇಳಲಾಗದಷ್ಟು ಕೆಟ್ಟದಾಗಿತ್ತು ಎಂದು ಲೀ ಹೇಳಿದರೆ, ತಾನು ಸಂಭಾಷಣೆ ಬರೆದೇ ಇರಲಿಲ್ಲ ಎಂದು ಚಿತ್ರಕಥೆಗಾರ ಜಿಮ್ಮಿ ಸ್ಯಾಂಗ್‌ಸ್ಟರ್ ಹೇಳಿದ್ದಾರೆ.

ಬೆಳಕಿನ ಕೈಚಳಕ

ಇಟಲಿಯ ‘ಇ ವ್ಯಾಂಪೀರಿ’ (1957) ಚಿತ್ರವನ್ನು ಹನ್ನೆರಡು ದಿನಗಳಲ್ಲಿ ಮುಗಿಸುವ ಕರಾರಿತ್ತು. ನಿರ್ದೇಶಕ ರಿಕಾರ್ಡೊ ಫ್ರೆಡಾ ನಡುವೆ ಹೊರನಡೆದರು, ಛಾಯಾಗ್ರಾಹಕ ಮಾರಿಯೊ ಬಾವಾ ಉಳಿದದ್ದನ್ನು ಮುಗಿಸಿದರು. ಇದರಲ್ಲಿ ಸುಂದರ ಯುವತಿಯ ಮುಖ ನೋಡನೋಡುತ್ತಲೇ ಮುದಿಯಾಗುವ ದೃಶ್ಯವಿದೆ. ನಡುವೆ ಕತ್ತರಿ ಬಿದ್ದಿಲ್ಲ. ಬಾವಾ ಮಾಡಿದ್ದಿಷ್ಟೇ: ನಟಿಯ ಮುಖದ ಮೇಲೆ ಬಣ್ಣದಲ್ಲಿ ಸುಕ್ಕುಗಳನ್ನು ಬರೆಸಿದರು. ಅದೇ ಬಣ್ಣದ ಬೆಳಕು ಬಿದ್ದಾಗ ಕಪ್ಪುಬಿಳುಪು ಫಿಲ್ಮಿನಲ್ಲಿ ಸುಕ್ಕು ಕಾಣುವುದಿಲ್ಲ. ನಿಧಾನವಾಗಿ ವಿರುದ್ಧ ಬಣ್ಣದ ಬೆಳಕಿಗೆ ಬದಲಿಸಿದಂತೆ ಅವು ಒಂದೊಂದಾಗಿ ಮೂಡುತ್ತವೆ. ಕೋಟಿಗಟ್ಟಲೆ ವೆಚ್ಚದ ಕಂಪ್ಯೂಟರ್ ಗ್ರಾಫಿಕ್ಸ್ ನೋಡಿದ ಕಣ್ಣುಗಳನ್ನೂ ಈ ದೃಶ್ಯ ಇಂದಿಗೂ ಹಿಡಿದು ನಿಲ್ಲಿಸುತ್ತದೆ.

ಲಾಹೋರ್, ಮುಂಬಯಿ, ಬೆಂಗಳೂರು

ಉಪಖಂಡಕ್ಕೆ ಡ್ರಾಕುಲಾ ಬಂದದ್ದು ಲಾಹೋರಿನ ದಾರಿಯಿಂದ. ಖ್ವಾಜಾ ಸರ್ಫ್ರಾಜ್ ನಿರ್ದೇಶಿಸಿದ ‘ಜಿಂದಾ ಲಾಶ್’ (1967) ಚಿತ್ರದಲ್ಲಿ ಅಮರತ್ವದ ರಸಾಯನ ಕುಡಿದ ಪ್ರೊಫೆಸರ್ ರಕ್ತಪಿಶಾಚಿಯಾಗುತ್ತಾನೆ. ಹ್ಯಾಮರ್ ಚಿತ್ರದ ನೆರಳು ಸ್ಪಷ್ಟವಿದೆ. ಆದರೆ ಇಲ್ಲಿ ಕುದುರೆ ಗಾಡಿಯ ಬದಲು ಮೋಟಾರು ಕಾರು, ನಡುನಡುವೆ ಹಾಡು-ಕುಣಿತ.

ನಮ್ಮಲ್ಲಿ ಈ ಮಾರ್ಗ ಹಿಡಿದವರು ರಾಮ್ಸೆ ಸಹೋದರರು. 1970ರ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಸೋತಿತು. ಆದರೆ ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ತೊಟ್ಟು ಕಳವಿಗೆ ಹೋಗುವ ಒಂದು ದೃಶ್ಯಕ್ಕಾಗಿಯೇ ಜನ ಮತ್ತೆಮತ್ತೆ ಬರುತ್ತಿದ್ದುದನ್ನು ಸಹೋದರರು ಗಮನಿಸಿದರು. ಬಳಿಕ ಏಳು ಮಂದಿಯೂ ಕೆಲಸ ಹಂಚಿಕೊಂಡರು. ನಿರ್ದೇಶನ ತುಳಸಿ ಮತ್ತು ಶ್ಯಾಮ್ ಅವರದು, ಕ್ಯಾಮೆರಾ ಗಂಗು ಅವರದು, ಧ್ವನಿ ಕಿರಣ್ ಅವರದು. ಮನೆಮಂದಿಯೇ ತಂಡವಾದಾಗ ಸಂಬಳದ ಖರ್ಚು ಎಲ್ಲಿಯದು? ‘ದೋ ಗಜ್ ಜಮೀನ್ ಕೆ ನೀಚೆ’ (1972), ‘ಪುರಾನಾ ಮಂದಿರ್’ (1984) ಹಾಗೆ ಬಂದವು. ‘ಪುರಾನಾ ಮಂದಿರ್’ನಲ್ಲಿ ಶಿಲುಬೆಯ ಜಾಗವನ್ನು ತ್ರಿಶೂಲ ಹಿಡಿಯಿತು. ‘ಬಂದ್ ದರ್ವಾಜಾ’ (1990) ಅವರ ನೇರ ಡ್ರಾಕುಲಾ ಚಿತ್ರ. ‘ನೇವ್ಲಾ’ ಎಂಬ ಪಿಶಾಚಿಯಾಗಿ ಆಜಾನುಬಾಹು ಅನಿರುದ್ಧ್ ಅಗರ್‌ವಾಲ್ ಕಾಣಿಸಿಕೊಂಡರು. 1993ರಲ್ಲಿ ಆರಂಭವಾದ ‘ಜೀ ಹಾರರ್ ಶೋ’ ಮೂಲಕ ಅದೇ ರಾಮ್ಸೆ ಭಯ ಕರ್ನಾಟಕದ ಮನೆಗಳ ಪಡಸಾಲೆಗೂ ಬಂತು.

ಕನ್ನಡ ಚಿತ್ರರಂಗ ಮಾತ್ರ ರಕ್ತಪಿಶಾಚಿಗೆ ಹೆಚ್ಚು ಮನಸೋಲಲಿಲ್ಲ. ಅನಂತನಾಗ್, ಲಕ್ಷ್ಮಿ ನಟಿಸಿದ ‘ನಾ ನಿನ್ನ ಬಿಡಲಾರೆ’ (1979) ಪ್ರೇಕ್ಷಕರನ್ನು ಬೆಚ್ಚಿಬೀಳಿಸಿದ್ದು ಮೈಮೇಲೆ ಬರುವ ಆತ್ಮದ ಕಥೆಯಿಂದ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕುವ ಜನರಿಗೆ ಟ್ರಾನ್ಸಿಲ್ವೇನಿಯದ ದೊರೆ ದೂರದವನೆನಿಸಿದ್ದು ಸಹಜ. 2025ರಲ್ಲಿ ತೆರೆಕಂಡ ಮಲಯಾಳಂನ ‘ಲೋಕಃ’ ಚಿತ್ರ ಕೇರಳದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯನ್ನು ರಕ್ತಪಿಶಾಚಿಯ ರೂಪದಲ್ಲಿ ಬೆಂಗಳೂರಿಗೇ ಕರೆತಂದು ಭಾರೀ ಗಳಿಕೆ ಮಾಡಿತು. ಈ ಬಗೆಯ ಕಥೆಗೆ ಇಲ್ಲಿಯೂ ನೆಲೆಯಿದೆ ಎಂಬುದಕ್ಕೆ ಅದು ಸಾಕ್ಷಿ.

ಉಳಿದದ್ದೆಷ್ಟು?

ನಾಚಿಕೆಯಿಂದ ನೋಡುವ ಚಿತ್ರಗಳಿಗೆ ಒಂದು ಗಂಡಾಂತರವಿದೆ. ಬೆಲೆಯಿಲ್ಲದ್ದೆಂದು ಭಾವಿಸಿದ್ದನ್ನು ಯಾರೂ ಜೋಪಾನ ಮಾಡುವುದಿಲ್ಲ.

1973ರ ಅಮೆರಿಕನ್ ಚಿತ್ರ ‘ಗಾಂಜಾ ಅಂಡ್ ಹೆಸ್’ ಉದಾಹರಣೆಗೆ ಸಾಕು. ಹಿಂದಿನ ವರ್ಷ ಕಪ್ಪುವರ್ಣೀಯ ರಕ್ತಪಿಶಾಚಿಯ ‘ಬ್ಲಾಕ್ಯುಲಾ’ ಗೆದ್ದಿತ್ತು. ಅಂಥದ್ದೇ ಒಂದು ಬೇಕೆಂದು ನಿರ್ಮಾಪಕರು ಬಿಲ್ ಗನ್ ಅವರ ಕೈಗೆ ಸಣ್ಣ ಬಂಡವಾಳ ಕೊಟ್ಟರು. ಗನ್ ರಕ್ತದ ಹಸಿವನ್ನು ವ್ಯಸನದ ರೂಪಕವಾಗಿಸಿ ಗಂಭೀರ ಚಿತ್ರ ತೆಗೆದರು. ಕಾನ್ ಉತ್ಸವದಲ್ಲಿ ಪ್ರದರ್ಶನವಾಯಿತು. ಕೈಗೆ ಬಂದದ್ದು ತಾವು ಕೇಳಿದ ಸರಕಲ್ಲವೆಂದು ನಿರ್ಮಾಪಕರು ಅದನ್ನು ಮಾರಿದರು. ಕೊಂಡವರು ಕತ್ತರಿಸಿ, ಹೆಸರು ಬದಲಿಸಿ ಬಿಡುಗಡೆ ಮಾಡಿದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಮೂಲ ಪ್ರತಿಯೊಂದು ಇದ್ದುದರಿಂದ ಗನ್ ಅವರ ಚಿತ್ರ ಉಳಿಯಿತು.

ಹ್ಯಾಮರ್‌ನ 1958ರ ‘ಡ್ರಾಕುಲಾ’ಗೂ ಇದೇ ಕಥೆ. ಡ್ರಾಕುಲಾ ಬಿಸಿಲಿಗೆ ಬೂದಿಯಾಗುವ ದೃಶ್ಯದ ಕೆಲವು ತುಣುಕುಗಳಿಗೆ ಬ್ರಿಟಿಷ್ ಸೆನ್ಸಾರ್ ಕತ್ತರಿ ಹಾಕಿತ್ತು. ಅರ್ಧ ಶತಮಾನ ಕಳೆದ ಮೇಲೆ, 2011ರಲ್ಲಿ, ಅವು ಟೋಕಿಯೋದ ಚಲನಚಿತ್ರ ಭಂಡಾರದಲ್ಲಿ ದೊರೆತವು. ಲೀ ತನ್ನ ಮುಖದ ಚರ್ಮವನ್ನು ತಾನೇ ಕೆರೆದು ತೆಗೆಯುವ ಆ ಕ್ಷಣಗಳು ಈಗ ಮತ್ತೆ ಚಿತ್ರದೊಳಗಿವೆ.

ಹೊಸದಾಗಿ ನೋಡುವವರಿಗೆ

ಭಯ ಬೇಕೆನ್ನುವವರು ‘ನೋಸ್ಫೆರಾಟು’ವಿನಿಂದ ಆರಂಭಿಸಬಹುದು. ರಂಜನೆ ಬೇಕಿದ್ದರೆ ಹ್ಯಾಮರ್‌ನ ‘ಡ್ರಾಕುಲಾ’. ನಗುವಿಗೆ ‘ಪ್ಲಾನ್ 9’. ಚಿಂತನೆಗೆ ‘ಗಾಂಜಾ ಅಂಡ್ ಹೆಸ್’, ಹಾಗೂ ಕೋರೆಹಲ್ಲಿನ ಬದಲು ಬ್ಲೇಡು, ಸಿರಿಂಜು ಹಿಡಿದ ಹುಡುಗನ ಕಥೆಯಾದ ಜಾರ್ಜ್ ರೊಮೆರೊ ಅವರ ‘ಮಾರ್ಟಿನ್’. ಮಳೆಗಾಲದ ರಾತ್ರಿ ನಾಲ್ಕು ಮಂದಿ ಕೂಡಿ ನೋಡುವುದಕ್ಕೆ ‘ಬಂದ್ ದರ್ವಾಜಾ’.

ತುಳಸಿ ರಾಮ್ಸೆ 2018ರಲ್ಲಿ, ಶ್ಯಾಮ್ 2019ರಲ್ಲಿ ಗತಿಸಿದರು. ಅವರು ಬದುಕಿದ್ದಾಗ ಅವರ ಚಿತ್ರಗಳನ್ನು ಇಷ್ಟಪಟ್ಟೆವೆಂದು ಬಹಿರಂಗವಾಗಿ ಹೇಳಿಕೊಂಡವರು ವಿರಳ. ಟಿಕೆಟ್ ಕೊಂಡವರು ಮಾತ್ರ ಲಕ್ಷಾಂತರ ಮಂದಿ. ಹಳೆಯ ಚಿತ್ರಗಳ ಪ್ರತಿಗಳನ್ನು ಉಳಿಸುವ ಪ್ರಶ್ನೆ ಬಂದಾಗಲಾದರೂ ಆ ಲಕ್ಷಾಂತರ ಮಂದಿ ಬಾಯಿ ಬಿಡಬೇಕು.